ಯಾವ ದೇವರಿಗೆ ಈ ಬತ್ತಿ?

೧೯೬೧ರ ಬೇಸಿಗೆ. ಹಾನಗಲ್ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿಯ ದವಾಖಾನೆಯೊಂದರಲ್ಲಿ ನಾನು ಕಂಪೌಂಡರ್ ಆಗಿದ್ದೆ. ಸಿದ್ಧವಾಗಿ ಬರುವ ಔಷಧ ಕಡಿಮೆ. ಅರೆಯುವುದು, ಕರಗಿಸುವುದು, ಅಚ್ಚಿಗೆ ಹೊಯ್ಯುವುದು ಎಲ್ಲವೂ ನಮ್ಮ ಕೈಯದೇ ಕೆಲಸ.

ಒಂದು ಮಧ್ಯಾಹ್ನ ತಿಳವಳ್ಳಿಯ ನೀಲವ್ವ ಎಂಬ ಅಜ್ಜಿ, ಸೊಸೆಯೊಂದಿಗೆ ಎಂಟು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಜ್ವರಕ್ಕೆ ಫಿಟ್ಸ್ ಬಂದಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟು ಅದನ್ನು ನಿಲ್ಲಿಸಿದರು. ಮತ್ತೆ ಬಾರದಂತೆ ಔಷಧ ಬೇಕಿತ್ತು, ಆದರೆ ಕೂಸು ಕುಡಿಸಿದ್ದನ್ನೆಲ್ಲ ಕಾರುತ್ತಿತ್ತು. ಉಳಿದ ದಾರಿ ಸಪೋಸಿಟರಿ. ಕೋಕೋ ಬಟರ್ ಎಂಬ ಕೊಬ್ಬಿನಲ್ಲಿ ಔಷಧ ಬೆರೆಸಿ ಮಾಡಿದ ಪುಟ್ಟ ಬತ್ತಿ ಅದು. ಗುದದ್ವಾರದೊಳಗೆ ಇಟ್ಟರೆ ಮೈಕಾವಿಗೆ ಕರಗಿ ಔಷಧ ರಕ್ತ ಸೇರುತ್ತದೆ. ಆ ಸೆಕೆಗೋ ಕೋಕೋ ಬಟರ್ ಗಟ್ಟಿಯಾಗಲು ಸುತರಾಂ ಒಪ್ಪದು. ಅಚ್ಚನ್ನು ಮಣ್ಣಿನ ಹರವಿಯ ತಣ್ಣೀರಲ್ಲಿ ಕೂರಿಸಿ, ನೀರು ಬದಲಿಸಿ ಬದಲಿಸಿ ಅಂತೂ ಕೆಲವು ಬತ್ತಿ ಬಿಡಿಸಿದೆ. ಡಬ್ಬಿಗೆ ಹಸಿ ಬಟ್ಟೆ ಸುತ್ತಿ ಕೊಟ್ಟೆ. ಅಜ್ಜಿ ಕೂಸನ್ನೆತ್ತಿಕೊಂಡು ಹೊರಗಿದ್ದಾಗ, ಸಂಜೆಗೆ ಬತ್ತಿ ಇಡುವ ಬಗೆಯನ್ನು ಡಾಕ್ಟರು ಸೊಸೆಗೆ ವಿವರಿಸಿದರು. ಅಳುತ್ತಲೇ ಅವಳು ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ನೀಲವ್ವ ಏದುಸಿರು ಬಿಡುತ್ತ ಮರಳಿ ಬಂದಳು. ಹತ್ತಿದ ಬಸ್ಸಿನಿಂದ ಸೊಸೆಯನ್ನೂ ಕೂಸನ್ನೂ ಇಳಿಸಿಕೊಂಡು ಬಂದಿದ್ದಳು.

“ಸಾಹೇಬ್ರ, ಸಂಜೀಕ ಬತ್ತಿ ಹಚ್ಚಬೇಕಂತ ಸೊಸಿ ಹೇಳಾಕತ್ತಾಳ. ಯಾವ ದೇವ್ರಿಗೆ ಹಚ್ಚೂದ್ರಿ?”

ನಮ್ಮ ಕಡೆ ಮುಲಾಮನ್ನೂ ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ. ಗಾಬರಿಯಲ್ಲಿ ಸೊಸೆಯ ಬಾಯಲ್ಲಿ ‘ಇಡುವುದು’ ಹೋಗಿ ‘ಹಚ್ಚುವುದು’ ಬಂದಿತ್ತು. ಅದೇ ಬಸ್ಸಿಗೆ ಹೋಗಿದ್ದರೆ ಔಷಧ ಪಣತಿಯಲ್ಲಿ ಉರಿದುಹೋಗುತ್ತಿತ್ತು, ಕೂಸಿಗೆ ರಕ್ಷಣೆಯೇ ಇರುತ್ತಿರಲಿಲ್ಲ.

“ಹಚ್ಚೂದಲ್ರಿ ಅವ್ವಾ, ಕೂಸಿಗೆ ಇಡೂದು. ಹೊಟ್ಟಿ ಕಟ್ಟಿದ ಕೂಸಿಗೆ ಎಲಿ ತೊಟ್ಟು ಇಡ್ತೀರಲ್ಲ, ಹಂಗ.”

ಮಲ ಇಳಿಯಲೆಂದು ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಕೂಸಿನ ಗುದದಲ್ಲಿ ಇಡುವುದು ಮನೆಮನೆಯ ರೂಢಿ. ಅಜ್ಜಿಯ ಮುಖ ಅರಳಿತು.

“ಅಯ್ಯ, ಅದನ್ನ ಓಣಿ ಕೂಸುಗಳಿಗೆಲ್ಲಾ ನಾನ ಇಡ್ತೇನ್ರಿ!”

ಡಾಕ್ಟರನ್ನು ಕೇಳಿ ಮೊದಲನೆಯದನ್ನು ಅಲ್ಲೇ ಅಜ್ಜಿಯ ಕೈಯಿಂದಲೇ ಇಡಿಸಿದೆ. ಬತ್ತಿ ಜಾರದಂತೆ ಕೂಸಿನ ಕುಂಡೆ ಒತ್ತಿ ಹಿಡಿದು ಅವಳು ಅಲುಗಾಡದೆ ಕೂತಳು. ಕೂಸಿಗೆ ಮತ್ತೆ ಫಿಟ್ಸ್ ಬರಲಿಲ್ಲ.

ಮುಂದೊಂದು ಸಂತೆಯ ದಿನ ಮೊಮ್ಮಗನನ್ನು ಕಂಕುಳಲ್ಲಿಟ್ಟುಕೊಂಡು ಬಂದು, “ನಿಮ್ಮ ಉಪಕಾರ ಹೆಂಗ ತೀರಸಲ್ರಿ?” ಎಂದಳು.

“ಉಪಕಾರ ನಿಮ್ದರಿ ಅವ್ವಾ,” ಎಂದು ನಾನೇ ಕೈ ಮುಗಿದೆ.

ನಿವೃತ್ತನಾಗುವವರೆಗೂ “ಹೆಂಗ ಕೊಡ್ತೀರಿ, ನೀವ ಹೇಳ್ರಿ” ಎಂದು ಕೇಳದೆ ಯಾರಿಗೂ ಔಷಧ ಕೊಡಲಿಲ್ಲ. ನಾನು ಮಾಡಿದ್ದು ಬರೀ ಬತ್ತಿ. ನಾಚದೆ ಬಂದು ಕೇಳಿ ಅದನ್ನು ಔಷಧ ಮಾಡಿದವಳು ನೀಲವ್ವ.