ಬೀಗ ಹಾಕಿದ ಕೋಣೆಯ ಕೇಬಲ್

ಬೆಳಂಬಾರದ ನನ್ನ ಅತ್ತೆ ಸತ್ತವರ ಬಗ್ಗೆ ಮಾತಾಡುವಾಗ ‘ಇದ್ದರು’ ಅನ್ನುತ್ತಿರಲಿಲ್ಲ, ‘ಇದ್ದಾರೆ’ ಅನ್ನುತ್ತಿದ್ದರು. ನಾನು ಅಡಿಗೆಮನೆಗೆ ಹೋಗಿ ನಗುತ್ತಿದ್ದೆ. ಅವರ ಮಗ, ಅಂದರೆ ನನ್ನ ಗಂಡನೂ, ನನ್ನ ಹಿಂದೆಯೇ ಬಂದು ನಗುತ್ತಿದ್ದ. ನಮ್ಮಿಬ್ಬರದೂ ವೈರು, ಪಾಸ್‌ವರ್ಡುಗಳ ಕೆಲಸ. ಕಾರಣವಿಲ್ಲದೆ ಒಂದು ದೀಪವೂ ಮಿನುಗುವುದಿಲ್ಲ ಎಂಬುದೇ ನಮಗೆ ಅನ್ನ ಹಾಕುತ್ತಿದ್ದ ನಂಬಿಕೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಗಂಡ ಬೀರಣ್ಣ ಮತ್ತು ನಾನು ಕಾರವಾರದಲ್ಲಿದ್ದುಕೊಂಡು ಒಂದು ಸಹಕಾರಿ ಸಂಘದ ಶಾಖೆಗಳ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆವು. ಶಾಖೆಗೊಂದು ಫೈರ್‌ವಾಲ್ ಇರುತ್ತದೆ. ಅದು ಒಳಗಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್‌ನೆಟ್ಟಿಗೂ ನಡುವೆ ಕೂತ ಕಾವಲು ಪೆಟ್ಟಿಗೆ. ಅದರ ಬೆನ್ನಿಗೆ ಸಾಲಾಗಿ ಕೇಬಲ್ ಚುಚ್ಚುವ ಪೋರ್ಟುಗಳು. ನಮ್ಮಂಥವರು ದೂರದಿಂದ ಒಳಗೆ ಹೋಗಿ ಅದನ್ನು ನಿರ್ವಹಿಸುವ ದಾರಿ ಅವುಗಳಲ್ಲಿ ಒಂದು. ಆ ದಾರಿಯನ್ನೇ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಬದಲಿಸುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಇಲ್ಲಿ ಗುಂಡಿ ಒತ್ತಿದ ಕೂಡಲೇ ಸಂಪರ್ಕ ಹೋಗುತ್ತದೆ. ಅಲ್ಲಿ ಯಾರಾದರೂ ಕೇಬಲನ್ನು ಹಳೆಯ ಪೋರ್ಟಿನಿಂದ ಕಿತ್ತು ಹೊಸದಕ್ಕೆ ಹಾಕಿದರೆ ಮಾತ್ರ ಮರಳಿ ಬರುತ್ತದೆ.

ಆ ‘ಯಾರಾದರೂ’ ಯಾವಾಗಲೂ ಬೀರಣ್ಣನೇ. ನಾನು ಮನೆಯಲ್ಲಿ ಕೂತು “ಒತ್ತಿದೆ” ಅನ್ನುವುದು, ಅವನು ಪೆಟ್ಟಿಗೆಯ ಹತ್ತಿರ ನಿಂತು ಫೋನಿನಲ್ಲಿ “ಕೂತ್ತು ಮಾರಾಯ್ತಿ, ಈಗ ನೋಡು” ಅನ್ನುವುದು. ಹೀಗೆ ಎಷ್ಟು ಶಾಖೆಗಳಲ್ಲಿ ಮಾಡಿದ್ದೇವೋ ಲೆಕ್ಕವಿಲ್ಲ. ನಮ್ಮ ಸಂಸಾರದ ಮಾತುಕತೆಯಲ್ಲಿ ಅರ್ಧ ಇದೇ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆವು. ಒಂದು ದಿನ ಎದೆನೋವೆಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಅವನು ತೀರಿಕೊಂಡ ವರ್ಷವೇ ಅಂಕೋಲೆಯ ಶಾಖೆಯ ಪೋರ್ಟು ಬದಲಿಸಬೇಕಾಯಿತು. ಸೋಮವಾರ ಶಾಖೆ ತೆರೆದ ಮೇಲೆ ಮ್ಯಾನೇಜರ್ ಶಾಂತಾರಾಮಣ್ಣನನ್ನು ಪೆಟ್ಟಿಗೆಯ ಬಳಿ ನಿಲ್ಲಿಸಿಕೊಂಡು ಮಾಡುವುದೆಂದು ಮಾತಾಗಿತ್ತು. ಭಾನುವಾರ ಮಧ್ಯಾಹ್ನ ನಾನು ಬರೀ ತಯಾರಿ ಮಾಡಿಡುತ್ತಿದ್ದೆ. ಎಲ್ಲ ತುಂಬಿಸಿದ ಮೇಲೆ ಕೈ ತನ್ನ ಅಭ್ಯಾಸದಂತೆ ಹೋಗಿ ಗುಂಡಿ ಒತ್ತಿಬಿಟ್ಟಿತು. “ಒತ್ತಿದೆ” ಎಂದು ಬಾಯಿಯೂ ಹೇಳಿತು. ಆ ಬದಿಯಲ್ಲಿ ಯಾರೂ ಇರಲಿಲ್ಲ. ಪರದೆ ಸತ್ತಿತು.

ಹೆಡ್ ಆಫೀಸಿನವರು ದಿನಾ ಸಂಜೆ ಎಲ್ಲ ಪೆಟ್ಟಿಗೆಗಳನ್ನೂ ಅದೇ ದಾರಿಯಿಂದ ನೋಡುತ್ತಾರೆ. ಒಬ್ಬ ಹೆಂಗಸಿನ ಕೈಯಲ್ಲಿ ಇದು ಆಗುವುದಲ್ಲ, ಹುಬ್ಬಳ್ಳಿಯ ಕಂಪನಿಯವರಿಗೆ ಕೊಡೋಣ ಎಂಬ ಮಾತು ಅಲ್ಲಿ ಆಗಲೇ ಎದ್ದಿತ್ತು. ಹೊಟ್ಟೆಪಾಡಿಗೆ ನನಗೆ ಬೇರೆ ಕೆಲಸ ಸಿಗುತ್ತಿತ್ತು. ಆದರೆ ಬೀರಣ್ಣ ಕೈಯಾರೆ ಎಳೆದ ವೈರುಗಳ ಹತ್ತಿರ ಹೋಗಲು ನನಗೆ ಇನ್ಯಾವ ನೆಪವೂ ಉಳಿಯುತ್ತಿರಲಿಲ್ಲ.

ಶಾಂತಾರಾಮಣ್ಣನಿಗೆ ಫೋನ್ ಮಾಡಿದೆ. ಅವನು ದೇವಬಾಗದಲ್ಲಿ ಮದುವೆಯ ಊಟಕ್ಕೆ ಕೂತಿದ್ದ. “ಬೀಗದಕೈ ಮಲ್ಲಾಪುರದ ಮನೇಲಿ ಅದೆ. ಹೋಗಿ ತಕಂಡ್ ಬರ್ತೆ, ನೀ ಹೆದ್ರೂಕೆ ಹೋಗ್ಬೇಡ” ಅಂದ. ಅಷ್ಟು ಸುತ್ತಿ ಅಂಕೋಲೆ ಮುಟ್ಟುವಾಗ ಕತ್ತಲಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಎಲ್ಲ ಬಿಟ್ಟು ಹೋದೆಯಲ್ಲ, ಈ ಕೇಬಲನ್ನಾದರೂ ಹಾಕಿ ಹೋಗಬಾರದಿತ್ತೇ ಎಂದು ಬೈದೆ.

ತಲೆಯೆತ್ತಿದಾಗ ಪರದೆಯಲ್ಲಿ ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತಿತ್ತು.

ಒಳಗೆ ಹೋಗಿ ನೋಡಿದೆ. ಸಂಪರ್ಕ ಹೊಸ ಪೋರ್ಟಿನಿಂದಲೇ ಬಂದಿತ್ತು. ಬದಲಾವಣೆ ಸರಿಹೋಗದಿದ್ದರೆ ತಾವಾಗಿ ಹಳೆಯದಕ್ಕೆ ಮರಳುವ ಪೆಟ್ಟಿಗೆಗಳೂ ಇವೆ, ಇದು ಆ ಜಾತಿಯದ್ದಲ್ಲ. ಹಾಗೆ ಮರಳಿದ್ದರೂ ಹಳೆಯ ಪೋರ್ಟಿನಲ್ಲಿ ಸಿಗಬೇಕಿತ್ತು.

ಆದರೂ ಅಂದೇ ಬೀಗದಕೈ ಹಿಡಿದು ಬಂದ ಶಾಂತಾರಾಮಣ್ಣನ ಕಾರಿನಲ್ಲಿ ಅಂಕೋಲೆಗೆ ಹೋದೆ. ಪೆಟ್ಟಿಗೆಯಿದ್ದ ಕೋಣೆಯ ಬೀಗ ಇದ್ದಲ್ಲೇ ಇತ್ತು. ಶನಿವಾರ ಅವನೇ ಸಹಿ ಹಾಕಿ ಬೀಗಕ್ಕೆ ಅಂಟಿಸಿದ ಕಾಗದ ಹರಿದಿರಲಿಲ್ಲ. ಒಳಗೆ ಕೇಬಲ್ ಹೊಸ ಪೋರ್ಟಿನಲ್ಲಿ ಕೂತಿತ್ತು. ಬೀರಣ್ಣ ಎಲ್ಲಿ ಕೇಬಲ್ ಎಳೆದರೂ ಉಳಿದ ಉದ್ದವನ್ನು ಉಂಗುರದಂತೆ ಸುತ್ತಿ ದಾರದಿಂದ ಕಟ್ಟಿಡುತ್ತಿದ್ದ. ಹೊಸ ಪೋರ್ಟು ಪೆಟ್ಟಿಗೆಯ ಆಚೆ ತುದಿಯಲ್ಲಿತ್ತು. ಆ ಸುತ್ತನ್ನು ಬಿಚ್ಚದೆ ಕೇಬಲ್ ಅಲ್ಲಿಗೆ ಎಟುಕುವಂತಿರಲಿಲ್ಲ. ಯಾರೋ ಬಿಚ್ಚಿದ್ದರು, ಉಳಿದಷ್ಟನ್ನು ಮತ್ತೆ ಚಿಕ್ಕದಾಗಿ ಸುತ್ತಿ ಕಟ್ಟಿದ್ದರು.

“ಇದು ಬೀರಣ್ಣಂದೇ ಕಟ್ಟು” ಎಂದು ಶಾಂತಾರಾಮಣ್ಣ ಸಹಜವಾಗಿ ಅಂದವನು ನನ್ನ ಮುಖ ನೋಡಿ ಬೀಗದಕೈಯನ್ನು ಕಿಸೆಗಿಳಿಸಿದ. “ಸನಿವಾರವೇ ಯಾರೋ ಬದಲ್ಸಿರೂದು ಅಷ್ಟೇ” ಅಂದ. ಶನಿವಾರವೇ ಬದಲಿಸಿದ್ದರೆ ಭಾನುವಾರ ಮಧ್ಯಾಹ್ನ ನಾನು ಹಳೆಯ ದಾರಿಯಿಂದ ಒಳಗೆ ಹೋಗಲು ಆಗುತ್ತಲೇ ಇರಲಿಲ್ಲ.

ಭಯವಾಯಿತೇ ಎಂದು ಕೇಳುತ್ತೀರಿ. ಇಲ್ಲ, ಸಿಟ್ಟು ಬಂತು. ಅಂಕೋಲೆಯವರೆಗೆ ಬಂದವನಿಗೆ ಕಾರವಾರ ದೂರವೇ? ಪೆಟ್ಟಿಗೆಗಾಗಿ ಬಂದವನು ನನ್ನನ್ನು ಒಂದು ಸಲ ನೋಡಿ ಹೋಗಬಾರದೇ? ವಾರಗಟ್ಟಲೆ ಅದೇ ಯೋಚನೆ. ಬಾಗಿಲ ಚಿಲಕ ಹಾಕುವಾಗ ಕೈ ತಡೆಯುತ್ತಿತ್ತು.

ಮುಂದಿನ ಹಬ್ಬದ ರಜೆಯಲ್ಲಿ, ಹೆಡ್ ಆಫೀಸಿನಲ್ಲಿ ನೋಡುವವರು ಯಾರೂ ಇಲ್ಲದ ದಿನ, ಬೇಕೆಂದೇ ದಾರಿಯನ್ನು ಹಳೆಯ ಪೋರ್ಟಿಗೆ ತಿರುಗಿಸಿದೆ. ಗುಂಡಿ ಒತ್ತಿ, ಒತ್ತಿದ್ದೇನೆಂದು ಗಟ್ಟಿಯಾಗಿ ಹೇಳಿದೆ. ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟು ಕೂತಿದ್ದೆ ಎಂದರೆ ನೀವು ನಗಬಹುದು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಪರದೆಯಲ್ಲಿ ಏನೂ ಬರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅಂಕೋಲೆಗೆ ಹೋಗಿ, ಶಾಖೆ ತೆರೆದ ಕೂಡಲೇ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಹಚ್ಚಿ ಎಲ್ಲ ಮೊದಲಿನಂತೆ ಮಾಡಿದೆ. ಆ ಭಾನುವಾರ ಆ ಕೋಣೆಯಲ್ಲಿ ಯಾರಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಅವನೇ ಆಗಿದ್ದರೆ, ಕೆಲಸ ಕೆಟ್ಟಾಗ ಬಂದವನು ನಾನು ಕರೆದಾಗ ಬರಲಿಲ್ಲ. ಗುಮಾಸ್ತೆ ಬಂದು “ಎಂತಾ ಆಯ್ತು ಅಕ್ಕಾ?” ಎಂದು ಕೇಳುವವರೆಗೂ ಪೆಟ್ಟಿಗೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತಿದ್ದೆ. ಅವನು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.