ಕರಾಚಿಯಿಂದ ಹಸೆಮಣೆಗೆ

ನಮ್ಮಜ್ಜಿ ಗುರುಶಾಂತಮ್ಮ ಆಲೂರು ಬಿಟ್ಟು ದೂರ ಹೋದವಳಲ್ಲ. ಆದೋನಿಯ ಹತ್ತಿ ಮಂಡಿಗೆ ಬಂಡಿ ಕಟ್ಟಿಸಿಕೊಂಡು ಹೋಗಿ ಬರುವುದೇ ಅವಳ ಪಾಲಿಗೆ ಪರದೇಶ. ಗಂಡ ಸತ್ತಾಗ ಮಗಳು ಅಂಬಮ್ಮ, ಅಂದರೆ ನಮ್ಮವ್ವ, ಇನ್ನೂ ತೊಟ್ಟಿಲಲ್ಲಿದ್ದಳು. ಅಂದಿನಿಂದ ಎರೆಹೊಲ ಬಿತ್ತಿಸಿದ್ದೂ ಅಜ್ಜಿಯೇ, ದಲಾಲರ ಬಾಯಿ ಮುಚ್ಚಿಸಿದ್ದೂ ಅಜ್ಜಿಯೇ. ಅಂಥ ಹೆಂಗಸು ಮದುವೆ ಮುಂಜಿ ಎಂದರೆ ಮಾತ್ರ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಗಂಡನಿಲ್ಲದವಳು, ನೋಡಿ. ಊರಿಗೆ ಅವಳ ಜೋಳ ಬೇಕು, ಮುಖ ಬೇಡ.

ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ನಮ್ಮವ್ವನ ಮದುವೆ ಗಟ್ಟಿಯಾಯಿತು. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿ ತಂದು ಹಸೆಮಣೆಯ ಮೇಲೆ ಕೂರಿಸಬೇಕು. ಅಜ್ಜಿಗಿದ್ದ ಒಬ್ಬನೇ ತಮ್ಮ ಮರಿಬಸಪ್ಪ ಕರಾಚಿಯ ಹತ್ತಿ ಕಂಪನಿಯಲ್ಲಿದ್ದ. ರೈಲಿನಲ್ಲಿ ಬರಲು ನಾಲ್ಕೈದು ದಿನ ಬೇಕು, ಅಷ್ಟು ರಜೆ ಕೊಡಲು ಅವನ ದೊರೆ ಒಲ್ಲೆನೆಂದ. ಇತ್ತ ಅಪ್ಪನಿಲ್ಲದ ಹುಡುಗಿ, ಮಾವ ಬರದಿದ್ದರೆ ಹಸೆ ಏರುವುದಿಲ್ಲ ಎಂದು ಹಠ ಹಿಡಿದು ಕೂತಳು.

ಅಷ್ಟರಲ್ಲಿ ಮರಿಬಸಪ್ಪನ ತಂತಿ ಬಂತು. ಮದುವೆಯ ಹಿಂದಿನ ಸಂಜೆ ಟಪಾಲಿನ ವಿಮಾನದಲ್ಲಿ ಬರುತ್ತೇನೆ ಎಂದಿತ್ತು. ಬೆಳಿಗ್ಗೆ ಕರಾಚಿ ಬಿಟ್ಟರೆ ಮುಂಬಯಿ ಮೇಲೆ ಹಾದು ಸಂಜೆಗೆ ನಮ್ಮ ಸೀಮೆಗೆ ಬರುತ್ತದೆ, ಸಾವಿರ ಮೈಲಿ ಒಂದೇ ಹಗಲು, ಎಂದು ಟಪಾಲು ಮಾಸ್ತರ ಹೇಳಿದ. ಊರವರು ನಂಬಲಿಲ್ಲ. ಅಜ್ಜಿ ನಂಬಿದಳು, ಬೇಕಾದ್ದಕ್ಕಿಂತ ಹೆಚ್ಚೇ ನಂಬಿದಳು. ಕೈ ಎತ್ತಿದರೆ ಬಸ್ಸು ನಿಲ್ಲುತ್ತದೆ, ವಿಮಾನಕ್ಕೇನು ಧಾಡಿ? ಊರ ಮುಂದಿನ ಹೊಲದ ಹತ್ತಿ ಕಟಿಗೆಯನ್ನೆಲ್ಲ ಕೀಳಿಸಿ, ನೆಲ ಸಮ ಮಾಡಿಸಿದಳು. ವಿಮಾನ ಇಳಿಯುವುದು ಬಳ್ಳಾರಿಯಲ್ಲಿ, ಅಲ್ಲಿಗೆ ಬಂಡಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಊರಿಗೂರೇ ಹೊಲದಲ್ಲಿ ಕತ್ತು ಎತ್ತಿ ನಿಂತಿತು. ಹದ್ದು ಬಿಟ್ಟು ಮತ್ತೇನೂ ಹಾರಲಿಲ್ಲ. ಮರಿಬಸಪ್ಪ ಟಪಾಲಿನ ಚೀಲಗಳ ಮೇಲೆ ಕೂತು, ಹೇಳಿದ ಹೊತ್ತಿಗೇ ಬಳ್ಳಾರಿಯಲ್ಲಿ ಇಳಿದಿದ್ದ. ಮನೆಯ ಬಂಡಿ ಕಾಣದೆ ಬಾಡಿಗೆ ಬಂಡಿ ಹಿಡಿದ. ಅದು ಹಗರಿ ಹೊಳೆಯ ಉಸುಕಿನಲ್ಲಿ ಹೂತಿತು. ಹಗಲೊಂದರಲ್ಲಿ ಸಾವಿರ ಮೈಲಿ ಹಾರಿದ ಮನುಷ್ಯ ರಾತ್ರಿಯೆಲ್ಲ ಗಾಲಿ ತಳ್ಳಿದ.

ಬೆಳಿಗ್ಗೆ ಮುಹೂರ್ತ ಬಂತು, ಮಾವ ಬರಲಿಲ್ಲ. ವರನ ಕಡೆಯವರು ಗೊಣಗತೊಡಗಿದರು. ದೂರದ ಸಂಬಂಧದ ಯಾರಾದರೂ ಎತ್ತಿ ತರಲಿ ಎಂದು ಒಬ್ಬರು, ಹುಡುಗಿಯೇ ನಡೆದು ಬರಲಿ ಎಂದು ಇನ್ನೊಬ್ಬರು. ನಮ್ಮವ್ವ ಕದದ ಚಿಲಕ ಹಿಡಿದು ಅಳುತ್ತಾ ನಿಂತಿದ್ದಳು. ಮದುವೆ ಮಾಡಿಸಲು ಬಂದಿದ್ದ ಜಂಗಮ ಜಂಬಯ್ಯನವರು, ಹೊತ್ತು ಮೀರಿದರೆ ಇವತ್ತಿಗೆ ಆಗುವುದಿಲ್ಲ ಎಂದರು. ವರನ ಅಪ್ಪ ರುಮಾಲು ಸರಿಮಾಡಿಕೊಂಡು ಎದ್ದೇಬಿಟ್ಟ.

ಆಗ ಅಡಿಗೆಮನೆಯಿಂದ ಅಜ್ಜಿ ಹೊರಗೆ ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳನ್ನು ಎರಡೂ ಕೈಯಿಂದ ಎತ್ತಿಕೊಂಡಳು. ವರನ ಸೋದರತ್ತೆ ಬಾಗಿಲಿಗೆ ಅಡ್ಡ ಬಂದು, ಗಂಡ ಸತ್ತವಳು ಚಪ್ಪರಕ್ಕೆ ಕಾಲಿಡುವುದುಂಟೇ ಎಂದಳು.

“ಈಕಿ ಹುಟ್ಟಿದಾಗ ನಾನಽ ಎತ್ತಿಕೊಂಡೀನಿ. ಇವತ್ತೂ ನಾನಽ ಎತ್ತೀನಿ. ದಾರಿ ಬಿಡವಾ,” ಎಂದಳು ಅಜ್ಜಿ.

ಜಂಬಯ್ಯನವರೇ ಹಸೆಯ ಪಕ್ಕಕ್ಕೆ ಸರಿದು, “ಬರ್ರಿ ತಾಯಿ,” ಎಂದರು. ಸೋದರತ್ತೆ ದಾರಿ ಬಿಟ್ಟಳು. ಅಜ್ಜಿ ಮಗಳನ್ನು ತಂದು ಕೂರಿಸಿದಳು.

ತಾಳಿ ಕಟ್ಟಿಯಾಗಿ, ಅಕ್ಕಿಕಾಳು ಬಿದ್ದ ಮೇಲೆ ಮರಿಬಸಪ್ಪ ಮೊಣಕಾಲಮಟ ಉಸುಕು ಮೆತ್ತಿಕೊಂಡು ಬಂದ. ಅಕ್ಕನ ಕಾಲಿಗೆ ಬಿದ್ದು, ಅಷ್ಟು ದೂರ ಹಾರಿ ಬಂದೂ ಕೆಲಸಕ್ಕೆ ಬಾರದವನಾದೆ ಎಂದು ಗೋಳಾಡಿದ. ಅಜ್ಜಿ ಅವನ ತಲೆ ಸವರಿದಳು.

“ನೀನೇನು ಮಾಡ್ತಿ ಬಿಡಪ್ಪಾ. ನಿಂದು ಬರೇ ದೂರ ಇತ್ತು,” ಎಂದಳು. “ನಿನ್ನ ದಾರ್ಯಾಗ ಯಾರೂ ಅಡ್ಡ ನಿಂತಿರಲಿಲ್ಲ.”