ಕೈ ಮುಟ್ಟದ ಮಿಠಾಯಿ

ಬಾಸ್ಟನ್ನಿನ ಹತ್ತಿರದ ಬಂದರು ಹ್ಯಾರೋಪೋರ್ಟಿನಲ್ಲಿ ಮಿಠಾಯಿಗೆ ಕಾಯಿಸಿದ ಕಬ್ಬಿನ ಕಾಕಂಬಿ ಪಾಕವನ್ನು ಯಾರೂ ಒಬ್ಬರೇ ಎಳೆಯುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ಹುಡುಗ ಹುಡುಗಿಯರು ಯಾರದಾದರೂ ಅಡುಗೆಮನೆಯಲ್ಲಿ ಸೇರಿ, ಅಂಗೈಗೆ ಬೆಣ್ಣೆ ಸವರಿಕೊಂಡು, ಬಿಸಿ ಪಾಕದ ಒಂದೊಂದು ತುದಿ ಹಿಡಿದು ಎಳೆಯುವುದು, ಮಡಿಸುವುದು, ಮತ್ತೆ ಎಳೆಯುವುದು. ಊರಿನ ಅರ್ಧಕ್ಕರ್ಧ ಮದುವೆ ಕುದುರಿದ್ದೇ ಹಾಗೆ. ‘ಪಾಕದ ತುದಿ ಹಿಡಿಯೋಕೂ ಯಾರಿಲ್ಲದವನು’ ಅನ್ನುವುದಕ್ಕಿಂತ ದೊಡ್ಡ ಬೈಗುಳ ಅಲ್ಲಿರಲಿಲ್ಲ.

ಜೇಬೆಜ್ ಟ್ರಾಸ್ಕನಿಗೆ ತಂಗಿ ಡಾರ್ಕಸ್ ಇದ್ದಳು. ಅಪ್ಪ ಸಮುದ್ರದ ಪಾಲಾದ ಮೇಲೆ ಅಣ್ಣ ತಂಗಿ ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಬಂದರಿನ ಬೀದಿಯಲ್ಲಿ ಮಿಠಾಯಿ ಅಂಗಡಿ ಇಟ್ಟರು. ಇಪ್ಪತ್ತೆರಡು ವರ್ಷ, ದಿನಾ ಬೆಳಗ್ಗೆ ಅವನದೊಂದು ತುದಿ, ಅವಳದೊಂದು ತುದಿ. ಜೊತೆಗೆ ಜಗಳ.

“ಸಡಿಲ ಬಿಡಬೇಡ್ವೇ!”

“ನನ್ನ ತೋಳು ಗಿಡ್ಡ. ಕೊಟ್ಟ ದೇವರನ್ನ ಕೇಳ್ಹೋಗು.”

ಕಪ್ಪು ಪಾಕ ಹೊನ್ನಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ ಜಗಳವೂ ಮುಗಿದಿರುತ್ತಿತ್ತು.

ನಲವತ್ತನೇ ವಯಸ್ಸಿನಲ್ಲಿ ಡಾರ್ಕಸ್ ಮದುವೆಯಾಗುತ್ತೇನೆ ಅಂದಳು. ವರ ಏಮಸ್ ಗೇಜ್, ಕಾಕಂಬಿಯ ಪೀಪಾಯಿ ಕಟ್ಟುವವನು, ಕೊಲ್ಲಿಯ ಆಚೆ ದಡದವನು. ಜೇಬೆಜನಿಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ.

“ಹೋಗು, ಹೋಗು! ನೀನಿಲ್ದಿದ್ರೆ ಅಂಗಡಿ ಮುಚ್ತೀನಾ? ಗೋಡೆಗೊಂದು ಕೊಕ್ಕೆ ಹೊಡೀತೀನಿ. ನಿನಗಿಂತ ವಾಸಿ, ಎದುರು ಮಾತಾಡಲ್ಲ.”

ಡಾರ್ಕಸ್ ಕೈಯ ಬೆಣ್ಣೆ ಒರೆಸಿಕೊಂಡಳು. “ಹೊಡ್ಕೋ ಅಣ್ಣ” ಎಂದಷ್ಟೇ ಹೇಳಿ ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಪುಣ್ಯಾತ್ಮ ಮದುವೆಗೂ ಹೋಗಲಿಲ್ಲ.

ಆಡಿದ ತಪ್ಪಿಗೆ ಕೊಕ್ಕೆ ಹೊಡೆಯಲೇಬೇಕಾಯಿತು. ಕಮ್ಮಾರನಿಂದ ಕಬ್ಬಿಣ ಬಾಗಿಸಿ ತಂದು, ಎಷ್ಟು ಎತ್ತರಕ್ಕೆ ಹೊಡೆಯಲಿ ಎಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಡಾರ್ಕಸಳ ಕೈ ನಿಲ್ಲುತ್ತಿದ್ದ ಎತ್ತರಕ್ಕೇ ಹೊಡೆದ. ಅವನಿಗದು ತೀರಾ ಕೆಳಗೆ, ಬೆನ್ನು ಬಗ್ಗಿಸಬೇಕು. ಇರಲಿ ಅಂದುಕೊಂಡ.

ಕೊಕ್ಕೆಗೆ ಬಿಸಿ ತಾಗದು, ದಣಿವಾಗದು. ಕೈ ತಾಳದಷ್ಟು ಸುಡುವ ಪಾಕವನ್ನೂ ಎಳೆಯಬಹುದಾಯಿತು. ಮಿಠಾಯಿ ಹಗುರಾಗಿ, ಬಾಯಿಗಿಟ್ಟರೆ ಕರಗುವಂತಾಯಿತು. ಮರುವರ್ಷ ಜೇಬೆಜ್ ಮೂರು ಕೊಕ್ಕೆಗಳನ್ನು ಚಕ್ರಕ್ಕೆ ಜೋಡಿಸಿ, ಹಿಡಿ ತಿರುಗಿಸಿದರೆ ತಾನೇ ಎಳೆದು ತಾನೇ ಮಡಿಸುವ ಯಂತ್ರ ಮಾಡಿದ. ಬಾಸ್ಟನ್ನಿನ ವರ್ತಕರು ಮನೆ ಬಾಗಿಲಿಗೆ ಬಂದರು. ಹೊದಿಕೆ ಕಾಗದ ಅಚ್ಚು ಹಾಕುವವನು, “ಜನಕ್ಕೆ ಈಗ ಶುದ್ಧ ಬೇಕು ಟ್ರಾಸ್ಕರೇ. ‘ಮನುಷ್ಯರ ಕೈ ಮುಟ್ಟದ ಮಿಠಾಯಿ’ ಅಂತ ಹಾಕೋಣ” ಅಂದ. ಜೇಬೆಜ್ ಹೂಂ ಅಂದ. ಒಬ್ಬಂಟಿಯ ಕೊಕ್ಕೆಗೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿತಲ್ಲ ಎಂದು ಅವನಿಗೆ ಹಿಗ್ಗೇ ಆಯಿತು. ಎಂಥ ಮಂಕು ಮನುಷ್ಯ!

ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ತಂಗಿಗೆ ಒಂದು ಪೆಟ್ಟಿಗೆ ಮಿಠಾಯಿ ದೋಣಿಯಲ್ಲಿ ಕಳಿಸುತ್ತಿದ್ದ. ಜೊತೆಗೆ ಕಾಗದ ಬರೆಯುತ್ತಿರಲಿಲ್ಲ. ‘ತಪ್ಪಾಯ್ತು’ ಎಂಬ ಒಂದು ಮಾತು ಆ ಕೈಯಿಂದ ಹೊರಡಲಿಲ್ಲ. ಮಿಠಾಯಿಯೇ ಅದನ್ನು ಹೇಳೀತು ಅಂದುಕೊಂಡಿದ್ದ. ಜನವರಿಯ ಥಂಡಿಯಲ್ಲಿ ಬಂದರಿನ ಕಟ್ಟೆಯ ಮೇಲೆ ನಿಂತು ದೋಣಿಯಿಂದ ಇಳಿಯುವವರ ಮುಖ ನೋಡುತ್ತಿದ್ದ.

“ಏನ್ ಟ್ರಾಸ್ಕರೇ, ನೆಂಟರು ಬರ್ತಾರಾ?” ಎಂದು ದೋಣಿಯವನು ಕೆಣಕುತ್ತಿದ್ದ.

“ನಂಗ್ಯಾರಪ್ಪ ನೆಂಟರು! ಗಾಳಿ ಎತ್ತ ಬೀಸ್ತಿದೆ ನೋಡೋಣಾಂತ ಬಂದೆ.”

ಶನಿವಾರ ಒಲೆಯ ಗೂಡಿನಲ್ಲಿ ಬೀನ್ಸ್ ಕಾಳಿನ ಗಡಿಗೆ ಇಟ್ಟರೆ ಈಗಲೂ ಇಬ್ಬರಿಗಾಗುವಷ್ಟು. ಕಮ್ಮಿ ಹಾಕುವುದು ಅವನಿಗೆ ಬರಲೇ ಇಲ್ಲ. ಉಳಿದದ್ದನ್ನು ಭಾನುವಾರ ತಣ್ಣಗೆ, ನಿಂತುಕೊಂಡೇ ತಿನ್ನುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಹನ್ನೆರಡನೇ ವರ್ಷ ದೋಣಿಯಿಂದ ಏಮಸ್ ಗೇಜ್ ಇಳಿದ. “ಒಂದ್ಸಲ ಬನ್ನಿ. ಅವಳು ಕರೀಲಿಲ್ಲ, ಕರೆಯೋಳೂ ಅಲ್ಲ. ನಾನು ಕರೀತಿದೀನಿ.”

ಆಚೆ ದಡದ ಮನೆಯಲ್ಲಿ ಡಾರ್ಕಸ್ ಒಲೆಯ ಪಕ್ಕ ಶಾಲು ಹೊದ್ದು ಕೂತಿದ್ದಳು. ತಲೆ ಬೆಳ್ಳಗಾಗಿತ್ತು. ಗೋಡೆಯ ಗೂಡಿನಲ್ಲಿ ಅವನು ಕಳಿಸಿದ ಹನ್ನೊಂದು ಪೆಟ್ಟಿಗೆಗಳು. ಮೊದಲನೆಯದರ ದಾರ ಮಾತ್ರ ಬಿಚ್ಚಿತ್ತು.

“ಯಾಕೆ ತಿನ್ನಲಿಲ್ಲ?” ಎಂದ ಜೇಬೆಜ್.

“ಅದರ ಮೇಲೇನಿದೆ, ಗಟ್ಟಿಯಾಗಿ ಓದು.”

“ಮನುಷ್ಯರ ಕೈ...” ಅಲ್ಲಿಗೇ ನಿಲ್ಲಿಸಿ ಪೆಟ್ಟಿಗೆಯನ್ನು ಮಗುಚಿಟ್ಟ.

“ಇಪ್ಪತ್ತೆರಡು ವರ್ಷ ಎಳೆದಿದ್ದು ಯಾರ ಕೈ ಅಣ್ಣ? ಹೊಲಸು ಕೈಯಾ? ಬಾಯಲ್ಲಿ ಅಂದಿದ್ದು ಸಾಲದೂಂತ ಅಚ್ಚು ಹಾಕಿಸಿ ವರ್ಷ ವರ್ಷ ಕಳಿಸ್ತಿದ್ದೆಯಲ್ಲ!”

“ನಂಗೆ ಹೊಳೀಲೇ ಇಲ್ಲ ಕಣೇ. ನಿನ್ನಾಣೆ ಹೊಳೀಲಿಲ್ಲ. ತಪ್ಪಾಯ್ತು.”

ಅವನು ಯಾರನ್ನೂ ಕೇಳದೆ ಏಮಸನ ಪೀಪಾಯಿಯಿಂದ ಕಾಕಂಬಿ ತೆಗೆದು ಒಲೆಗಿಟ್ಟ. ಪಾಕ ಬಂತು. ಅಂಗೈಗೆ ಬೆಣ್ಣೆ ಸವರಿಕೊಂಡು, “ಬಾ, ಹಿಡಿ” ಅಂದ.

ಡಾರ್ಕಸ್ ಶಾಲಿನೊಳಗಿಂದ ಕೈ ಹೊರಗೆ ತೆಗೆದಳು. ಸಂಧಿವಾತ. ಬೆರಳುಗಳೆಲ್ಲ ಒಳಕ್ಕೆ ಬಾಗಿ ಗಟ್ಟಿಯಾಗಿದ್ದವು. ತೆರೆಯಲೂ ಬಾರದು, ಮಡಿಸಲೂ ಬಾರದು.

ಜೇಬೆಜ್ ಅವಳ ಮುಂದೆ ಮಂಡಿಯೂರಿ ಒಂದೊಂದು ಬೆರಳಿಗೂ ಬೆಣ್ಣೆ ಸವರಿದ. ಕೈ ತಾಳುವಷ್ಟು ಆರಿದ ಪಾಕವನ್ನು ಆ ಬೆರಳುಗಳಿಗೆ ಸಿಕ್ಕಿಸಿ ಮೆಲ್ಲಗೆ ಎಳೆದ.

“ನೋಡ್ಕೋ, ಕೊನೆಗೂ ನಾನೇ ನಿನ್ನ ಕೊಕ್ಕೆ ಆದೆ” ಎಂದು ಡಾರ್ಕಸ್ ನಕ್ಕಳು. ಅವನಿಗೆ ಅಳು ಬಂತು.

ನಾಲ್ಕನೇ ಸಲ ಎಳೆಯುವಾಗ ಅವಳು ತುಟಿ ಕಚ್ಚಿದಳು. ಪಾಕ ಜಾರಿ ನೆಲಕ್ಕೆ ಬಿತ್ತು, ಇನ್ನೂ ಕಪ್ಪಗೇ ಇತ್ತು. “ಆಗಲ್ಲ ಅಣ್ಣ. ನೀನು ತಡ ಮಾಡಿಬಿಟ್ಟೆ” ಎಂದಳು.

ಮರುದಿನ ಊರಿಗೆ ಮರಳಿದ ಜೇಬೆಜ್ ಅಚ್ಚಿನವನನ್ನು ಕರೆಸಿ ಆ ಸಾಲು ತೆಗೆಯಲು ಹೇಳಿದ.

“ಮಿಠಾಯಿ ಓಡ್ತಿರೋದೇ ಆ ಸಾಲಿಂದ ಟ್ರಾಸ್ಕರೇ!”

“ತೆಗೀರಿ ಅಂದೆ.”

ಆಮೇಲೆ ಯಂತ್ರದ ಕಡೆ ಹೋಗದೆ, ಒಂದು ಹಿಡಿ ಪಾಕ ತೆಗೆದುಕೊಂಡು ಗೋಡೆಯ ಹಳೆಯ ಕೊಕ್ಕೆಯ ಮುಂದೆ ಬೆನ್ನು ಬಗ್ಗಿಸಿ ನಿಂತ. ಸಿಕ್ಕಿಸಿ ಎಳೆದ.

“ಸಡಿಲ ಬಿಡಬೇಡ್ವೇ” ಅಂದ.

ಕೊಕ್ಕೆ ಎದುರು ಮಾತಾಡಲಿಲ್ಲ.